ಮುಂಬೈ ಶಾಲಾ ಕ್ರಿಕೆಟ್‌ನ ಸಾರ್ವಕಾಲಿಕ ಶ್ರೇಷ್ಠ ಯಾರು? 1009 ಹೊಡೆದ ಕಲ್ಯಾಣ್ ಹುಡುಗನೋ, 14ರ ಸಚಿನನೋ?

ಡೊಂಬಿವ್ಲಿ: ಬೆಳಗಿನ ಲೋಕಲ್‌ನಲ್ಲಿ ತನ್ನಷ್ಟೇ ಎತ್ತರದ ಕಿಟ್ ಬ್ಯಾಗ್ ಹೊತ್ತ ಹುಡುಗನೊಬ್ಬ ಹತ್ತಿದರೆ ಸಾಕು, ಡಬ್ಬಿಯಲ್ಲಿ ಮಾತು ಶುರುವಾಗುತ್ತದೆ. ಯಾವ ಶಾಲೆ, ಯಾವ ಕೋಚ್, ಎಷ್ಟು ರನ್ ಹೊಡೆದಿದ್ದೀಯ? ಮಾತು ಕಲ್ಯಾಣ್ ಕಡೆಯದಾದರೆ 'ನಮ್ಮ ಊರಿನವನೇ 1009 ಹೊಡೆದದ್ದು' ಎನ್ನುವವರು ಒಬ್ಬರಾದರೂ ಇರುತ್ತಾರೆ. ದಾದರ್ ಕಡೆಯವರಾದರೆ ಉತ್ತರ ಇನ್ನೂ ಚಿಕ್ಕದು: 'ಸಚಿನ್. ಬೇರೆ ಮಾತೇ ಇಲ್ಲ.'

ಮುಂಬೈ ಶಾಲಾ ಕ್ರಿಕೆಟ್‌ನ ಅತಿ ದೊಡ್ಡ ಆಟಗಾರ ಯಾರು ಎಂಬ ಚರ್ಚೆ ಹಳೆಯದು. ಆದರೆ ಥಾಣೆ, ಕಲ್ಯಾಣ್, ಡೊಂಬಿವ್ಲಿ, ನವಿ ಮುಂಬೈಯಲ್ಲಿ ಮನೆ ಮಾಡಿಕೊಂಡು ಮಕ್ಕಳನ್ನು ಅಕಾಡೆಮಿಗೆ ಕಳುಹಿಸುವ ಸಾವಿರಾರು ಕುಟುಂಬಗಳಿಗೆ (ಅದರಲ್ಲಿ ನಮ್ಮ ಕನ್ನಡಿಗರೂ ಕಡಿಮೆಯಿಲ್ಲ) ಇದು ಬರೀ ಹರಟೆಯಲ್ಲ. ಹುಡುಗನ ಆಟವನ್ನು ಯಾವುದರಿಂದ ಅಳೆಯಬೇಕು ಎಂಬ ಪ್ರಶ್ನೆ ಇದರೊಳಗಿದೆ.

ಕಲ್ಯಾಣ್‌ನಲ್ಲಿ ಆ ಎರಡು ದಿನ

2016ರ ಜನವರಿ 4 ಮತ್ತು 5. ಕಲ್ಯಾಣ್‌ನ ವಾಯಲೆ ನಗರದ ಮೈದಾನ. ಮುಂಬೈ ಕ್ರಿಕೆಟ್ ಸಂಸ್ಥೆಯ ಮಾನ್ಯತೆ ಇದ್ದ ಭಂಡಾರಿ ಕಪ್ ಅಂತರಶಾಲಾ ಪಂದ್ಯ. ಕೆ.ಸಿ. ಗಾಂಧಿ ಶಾಲೆಯ 15 ವರ್ಷದ ಪ್ರಣವ್ ಧನವಾಡೆ ಆರ್ಯ ಗುರುಕುಲ ಶಾಲೆಯ ಎದುರು ಇನಿಂಗ್ಸ್ ಆರಂಭಿಸಿದ. ತಂದೆ ಆಟೋ ಚಾಲಕ. ಮೊದಲ ದಿನದ ಕೊನೆಗೆ ಹುಡುಗನ ಹೆಸರಿನ ಮುಂದೆ 652 ಇತ್ತು. ಮರುದಿನ ಅದು 1009 ಆಯಿತು, ಔಟಾಗದೆ. 129 ಬೌಂಡರಿ, 59 ಸಿಕ್ಸರ್. ತಂಡ 3 ವಿಕೆಟ್‌ಗೆ 1465 ರನ್ ಮಾಡಿ ಡಿಕ್ಲೇರ್ ಮಾಡಿಕೊಂಡಿತು. ಎದುರಾಳಿಗಳು ಎರಡು ಇನಿಂಗ್ಸ್‌ನಲ್ಲಿ 31 ಮತ್ತು 52ಕ್ಕೆ ಆಲೌಟ್.

ಅವನು ಮುರಿದದ್ದು 116 ವರ್ಷ ಹಳೆಯ ದಾಖಲೆಯನ್ನು. 1899ರಲ್ಲಿ ಇಂಗ್ಲೆಂಡಿನ ಕ್ಲಿಫ್ಟನ್ ಕಾಲೇಜಿನಲ್ಲಿ ಎ.ಇ.ಜೆ. ಕಾಲಿನ್ಸ್ ಎಂಬ 13 ವರ್ಷದ ಹುಡುಗ ಔಟಾಗದೆ 628 ಹೊಡೆದಿದ್ದ. ಆ ಕಾಲಿನ್ಸ್ ಮುಂದೆ ಸೇನೆಗೆ ಸೇರಿ 1914ರಲ್ಲಿ ಮೊದಲ ಮಹಾಯುದ್ಧದಲ್ಲಿ ತೀರಿಕೊಂಡ. ಪ್ರಥಮ ದರ್ಜೆ ಕ್ರಿಕೆಟ್ ಒಂದು ಪಂದ್ಯವನ್ನೂ ಆಡಲಿಲ್ಲ.

ಸ್ವಲ್ಪ ಲೆಕ್ಕ ಹಾಕಿ. 1009ರಲ್ಲಿ 870 ರನ್ ಬೌಂಡರಿ, ಸಿಕ್ಸರ್‌ಗಳಿಂದಲೇ ಬಂದಿದೆ. ಓಡಿ ಗಳಿಸಿದ್ದು 139 ಮಾತ್ರ. ಮೈದಾನದ ಒಂದು ಬದಿಯ ಗೆರೆ ತೀರಾ ಹತ್ತಿರವಿತ್ತು, ಎದುರಾಳಿ ಶಾಲೆಯ ದೊಡ್ಡ ಹುಡುಗರು ಹತ್ತನೇ ತರಗತಿ ಪರೀಕ್ಷೆಯ ತಯಾರಿಯಲ್ಲಿದ್ದರು, ಬೌಲಿಂಗ್ ಮಾಡಿದವರು ಚಿಕ್ಕ ಮಕ್ಕಳು ಎಂದು ಆಗಲೇ ವರದಿಯಾಗಿತ್ತು. ಹಾಗೆಂದು ಪ್ರಣವ್‌ನ ಸಾಧನೆಯನ್ನು ತಳ್ಳಿಹಾಕುವವರ ಜತೆ ನಾನಿಲ್ಲ. ಎರಡು ದಿನ, ಆರೂವರೆ ಗಂಟೆ ಒಂದೇ ಗಮನದಲ್ಲಿ ನಿಲ್ಲುವುದು 15ರ ಹುಡುಗನಿಗೆ ಸಣ್ಣ ಮಾತಲ್ಲ. ಎದುರಾಳಿಯನ್ನು ಅವನು ಆರಿಸಿಕೊಂಡದ್ದೂ ಅಲ್ಲ. ಆದರೆ ಅತಿ ದೊಡ್ಡ ಸಂಖ್ಯೆ ಬೇರೆ, ಅತಿ ದೊಡ್ಡ ಆಟಗಾರ ಬೇರೆ.

ಇದಕ್ಕೆ ಇನ್ನೊಂದು ಸಾಕ್ಷಿ ನವಿ ಮುಂಬೈಯಲ್ಲೇ ಸಿಗುತ್ತದೆ. 2018ರ ಜನವರಿಯಲ್ಲಿ ಅಲ್ಲಿನ 13 ವರ್ಷದ ಬಾಲಕನೊಬ್ಬ ಔಟಾಗದೆ 1045 ಹೊಡೆದ. ಪ್ರಣವ್‌ಗಿಂತ 36 ರನ್ ಹೆಚ್ಚು! ಆದರೆ ಆ ಟೂರ್ನಿಗೆ ಅಧಿಕೃತ ಮಾನ್ಯತೆ ಇರಲಿಲ್ಲವಾದ್ದರಿಂದ ದಾಖಲೆ ಪುಸ್ತಕದಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.

ಇಷ್ಟೊಂದು ರನ್ ಹೇಗೆ ಸಾಧ್ಯ?

ಮುಂಬೈ ಶಾಲಾ ಕ್ರಿಕೆಟ್‌ಗೆ ಎರಡು ಕಂಬಗಳು. 16 ವರ್ಷದೊಳಗಿನವರಿಗೆ ಹ್ಯಾರಿಸ್ ಶೀಲ್ಡ್, 14ರೊಳಗಿನವರಿಗೆ ಗೈಲ್ಸ್ ಶೀಲ್ಡ್. ಎರಡೂ ಶತಮಾನ ದಾಟಿದ ಟೂರ್ನಿಗಳು. ಟಿ20 ನೋಡಿ ಬೆಳೆದವರಿಗೆ ಅಚ್ಚರಿ ಎನಿಸಬಹುದು, ಇವು ದಿನಗಟ್ಟಲೆ ನಡೆಯುವ ಪಂದ್ಯಗಳು. ಓವರ್‌ಗಳ ಮಿತಿಯಿಲ್ಲದೆ ಆಡಿದಾಗ ನಾಯಕ ಡಿಕ್ಲೇರ್ ಎನ್ನುವವರೆಗೂ ಬ್ಯಾಟಿಂಗ್ ನಡೆಯುತ್ತದೆ. ವರ್ಷವಿಡೀ ಕ್ರಿಕೆಟ್ಟೇ ಉಸಿರಾಡುವ ಶಾಲೆಗೂ, ಹೇಗೋ ಹನ್ನೊಂದು ಮಂದಿಯನ್ನು ಸೇರಿಸಿ ಕಳುಹಿಸಿದ ಶಾಲೆಗೂ ಒಂದೇ ಡ್ರಾ. ಅಂತರ ಎಷ್ಟಿರುತ್ತದೆ ಎಂಬುದನ್ನು ಸ್ಕೋರ್‌ಬೋರ್ಡೇ ಹೇಳುತ್ತದೆ.

ಹಾಗಾಗಿ ಪಟ್ಟಿಯೂ ಉದ್ದ. ಸರ್ಫರಾಜ್ ಖಾನ್ 12ನೇ ವಯಸ್ಸಿನಲ್ಲಿ, 2009ರಲ್ಲಿ 439. ಅರ್ಮಾನ್ ಜಾಫರ್ 2010ರಲ್ಲಿ ಗೈಲ್ಸ್ ಶೀಲ್ಡ್‌ನಲ್ಲಿ 498. ಪೃಥ್ವಿ ಶಾ 2013ರ ನವೆಂಬರ್‌ನಲ್ಲಿ ಹ್ಯಾರಿಸ್ ಶೀಲ್ಡ್‌ನಲ್ಲಿ 330 ಎಸೆತಗಳಿಗೆ 546. ಮೂವರೂ ಆಡಿದ್ದು ಬಾಂದ್ರಾದ ರಿಜ್ವಿ ಸ್ಪ್ರಿಂಗ್‌ಫೀಲ್ಡ್ ಶಾಲೆಗೆ! ಇವರಲ್ಲಿ ಪೃಥ್ವಿ ವಿರಾರ್‌ನವ. ವಿರಾರ್ ಇಂದು ಪಾಲ್ಘರ್ ಜಿಲ್ಲೆಯಲ್ಲಿದೆ, ಆದರೆ ಆ ಜಿಲ್ಲೆ ಹುಟ್ಟಿದ್ದೇ 2014ರ ಆಗಸ್ಟ್‌ನಲ್ಲಿ. ಅಂದರೆ 546 ಹೊಡೆದ ದಿನ ಪೃಥ್ವಿಯೂ ಥಾಣೆ ಜಿಲ್ಲೆಯ ಹುಡುಗನೇ. ಪಾಲ್ಘರ್‌ನ ಶಾರ್ದೂಲ್ ಠಾಕೂರ್ ಹ್ಯಾರಿಸ್ ಶೀಲ್ಡ್‌ನಲ್ಲಿ ಒಂದೇ ಓವರ್‌ಗೆ ಆರು ಸಿಕ್ಸರ್ ಬಾರಿಸಿದ್ದನ್ನೂ ಇದೇ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು.

ಪೃಥ್ವಿ 2018ರಲ್ಲಿ ರಾಜ್‌ಕೋಟ್‌ನಲ್ಲಿ ಟೆಸ್ಟ್ ಪದಾರ್ಪಣೆಯಲ್ಲೇ 134 ಹೊಡೆದರು. ಆಮೇಲೆ ಆಡಿದ್ದು ನಾಲ್ಕೇ ಟೆಸ್ಟ್. ಸರ್ಫರಾಜ್ ಟೆಸ್ಟ್ ಕ್ಯಾಪ್‌ಗಾಗಿ 2024ರವರೆಗೂ ಕಾಯಬೇಕಾಯಿತು. ಆ ವರ್ಷ ನಮ್ಮ ಚಿನ್ನಸ್ವಾಮಿಯಲ್ಲಿ ನ್ಯೂಜಿಲೆಂಡ್ ಎದುರು ಅವರು ಗಳಿಸಿದ 150 ಹಲವರಿಗೆ ನೆನಪಿರಬಹುದು.

ನನ್ನ ಮತ ಯಾರಿಗೆ?

ಶಾಲಾ ಆಟವನ್ನು ಶಾಲಾ ಆಟವಾಗಿಯೇ ಅಳೆಯುವುದಾದರೆ ನನ್ನ ಮತ 1987-88ರ ಸಚಿನ್ ತೆಂಡೂಲ್ಕರ್‌ಗೆ. ಮುಂದೆ ಏನಾದರು ಎಂಬ ಕಾರಣಕ್ಕಲ್ಲ.

ಎಲ್ಲರೂ ಹೇಳುವುದು 1988ರ ಫೆಬ್ರವರಿಯ ಆ ಜೊತೆಯಾಟವನ್ನು. ಆಜಾದ್ ಮೈದಾನ, ಹ್ಯಾರಿಸ್ ಶೀಲ್ಡ್ ಸೆಮಿಫೈನಲ್, ಶಾರದಾಶ್ರಮ ವಿದ್ಯಾಮಂದಿರ ಎದುರು ಸೇಂಟ್ ಝೇವಿಯರ್ಸ್. ಸಚಿನ್ ಔಟಾಗದೆ 326, ವಿನೋದ್ ಕಾಂಬ್ಳಿ ಔಟಾಗದೆ 349, ಮುರಿಯದ 664 ರನ್. ಆ ಪಂದ್ಯದ ಮಟ್ಟಿಗೆ ಕಾಂಬ್ಳಿಯೇ ಮುಂದು, ಬಳಿಕ ಚೆಂಡು ಹಿಡಿದು 37 ರನ್‌ಗೆ 6 ವಿಕೆಟ್ ಕೂಡ ಕಿತ್ತರು. ಸಚಿನ್ ಮುಂದಾಗುವುದು ಇಡೀ ಟೂರ್ನಿಯನ್ನು ನೋಡಿದಾಗ. ಆ ಹ್ಯಾರಿಸ್ ಶೀಲ್ಡ್‌ನಲ್ಲಿ ಅವರ ಐದು ಇನಿಂಗ್ಸ್ ಹೀಗಿವೆ: ಔಟಾಗದೆ 21, 125, ಔಟಾಗದೆ 207, ಔಟಾಗದೆ 326, ಫೈನಲ್‌ನಲ್ಲಿ ಔಟಾಗದೆ 346. ಒಟ್ಟು 1025 ರನ್, ಔಟಾದದ್ದು ಒಂದೇ ಸಲ. ಇದು ಪ್ರಣವ್‌ನ 1009ಕ್ಕಿಂತ 16 ಹೆಚ್ಚಷ್ಟೇ. ಆದರೆ ಐದು ಪಂದ್ಯ, ಐದು ಎದುರಾಳಿ, ಟೂರ್ನಿ ಮುಂದೆ ಹೋದಂತೆ ಬಿಗಿಯಾಗುವ ಬೌಲಿಂಗ್. ವಯಸ್ಸು ಇನ್ನೂ 15 ತುಂಬಿರಲಿಲ್ಲ.

ತಮಾಷೆ ಎಂದರೆ ಇದೇ ಸಚಿನ್‌ಗೆ ಅದರ ಹಿಂದಿನ ವರ್ಷ ಮುಂಬೈ ಸಂಸ್ಥೆಯ ಅತ್ಯುತ್ತಮ ಕಿರಿಯ ಆಟಗಾರ ಪ್ರಶಸ್ತಿ ಸಿಕ್ಕಿರಲಿಲ್ಲ. ಸಪ್ಪೆಯಾಗಿದ್ದ ಹುಡುಗನಿಗೆ ಸುನಿಲ್ ಗಾವಸ್ಕರ್ 1987ರಲ್ಲಿ ಪತ್ರ ಬರೆದು ಸಮಾಧಾನ ಹೇಳಿದರು. ಆ ಪ್ರಶಸ್ತಿ ಸಿಗದ ಇನ್ನೊಬ್ಬನೂ ಟೆಸ್ಟ್‌ನಲ್ಲಿ ಅಷ್ಟೇನೂ ಕೆಟ್ಟದಾಗಿ ಆಡಲಿಲ್ಲ ಎಂಬುದು ಅದರ ಧಾಟಿ. ಆ ಇನ್ನೊಬ್ಬ ಗಾವಸ್ಕರ್ ಅವರೇ! 1966ರಲ್ಲಿ ದೇಶದ ಅತ್ಯುತ್ತಮ ಶಾಲಾ ಆಟಗಾರ ಎನಿಸಿಕೊಂಡಿದ್ದವರಿಗೆ ಸ್ವಂತ ಊರಿನ ಪ್ರಶಸ್ತಿ ಬಂದಿರಲಿಲ್ಲ.

ನಮ್ಮವರೂ ಇದ್ದಾರೆ

ಕನ್ನಡ ನಾಡಿನ ನಂಟಿನವರನ್ನು ಈ ಚರ್ಚೆಯಲ್ಲಿ ಮರೆಯುವಂತಿಲ್ಲ. ಮಂಗಳೂರು ಮೂಲದ ರವಿ ಶಾಸ್ತ್ರಿ ಮಾಟುಂಗಾದ ಡಾನ್ ಬಾಸ್ಕೊ ಶಾಲೆಯ ಹುಡುಗ. 1976ರ ಗೈಲ್ಸ್ ಶೀಲ್ಡ್ ಫೈನಲ್‌ನಲ್ಲಿ ಶಾಲೆ ಸೋತಿತು. ಮರುವರ್ಷ ಶಾಸ್ತ್ರಿಯ ನಾಯಕತ್ವದಲ್ಲಿ ಶೀಲ್ಡ್ ಗೆದ್ದಿತು, ಶಾಲೆಯ ಇತಿಹಾಸದಲ್ಲೇ ಮೊದಲ ಬಾರಿ. ತಂಡ ಕಟ್ಟಿ ಗೆಲ್ಲಿಸಿದ್ದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅವರ ಹೆಸರು ಮೊದಲ ಐದರಲ್ಲಿರಬೇಕು. ಅದಕ್ಕೂ ಮೊದಲು ಮುಂಬೈಯಲ್ಲಿ ಬೆಳೆದ ಮೂಲ್ಕಿಯ ಬುಧಿ ಕುಂದರನ್, 1960ರಲ್ಲಿ ರಣಜಿ ಪಂದ್ಯವನ್ನೇ ಆಡದೆ ನೇರ ಟೆಸ್ಟ್‌ಗೆ ವಿಕೆಟ್ ಕೀಪರ್ ಆದವರು.

ಡೊಂಬಿವ್ಲಿಯಿಂದ ಸಿಎಸ್‌ಎಂಟಿವರೆಗೆ

ಈಗ ಒಂದು ಪ್ರಶ್ನೆ. ಈ ಪಟ್ಟಿಯಲ್ಲಿ ಅಜಿಂಕ್ಯ ರಹಾನೆ ಎಲ್ಲಿ? ರೋಹಿತ್ ಶರ್ಮಾ ಎಲ್ಲಿ?

ಇಬ್ಬರಿಗೂ ಡೊಂಬಿವ್ಲಿಯ ನಂಟಿದೆ, ಇಬ್ಬರೂ ಭಾರತವನ್ನು ಮುನ್ನಡೆಸಿದವರು. ಆದರೆ ಇಬ್ಬರ ಹೆಸರಲ್ಲೂ ಶಾಲೆಯಲ್ಲಿ ಹೊಡೆದ ನಾನೂರು, ಐನೂರು ಇಲ್ಲ. ರಹಾನೆ ಇಲ್ಲಿನ ಎಸ್.ವಿ. ಜೋಶಿ ಶಾಲೆಯ ವಿದ್ಯಾರ್ಥಿ, ಆಟ ಕಲಿತದ್ದು ಮ್ಯಾಟಿಂಗ್ ಪಿಚ್ ಮೇಲೆ. ರಿಕ್ಷಾಕ್ಕೆ ದುಡ್ಡಿಲ್ಲದೆ ತಾಯಿ ಒಂದು ಕೈಯಲ್ಲಿ ತಮ್ಮನನ್ನು ಎತ್ತಿಕೊಂಡು, ಇನ್ನೊಂದರಲ್ಲಿ ಕಿಟ್ ಬ್ಯಾಗ್ ಹಿಡಿದು ಕಿಲೋಮೀಟರ್‌ಗಟ್ಟಲೆ ನಡೆಯುತ್ತಿದ್ದರೆಂದು ಅವರೇ ಹೇಳಿಕೊಂಡಿದ್ದಾರೆ. ಪುಟ್ಟ ಹುಡುಗನನ್ನು ಒಬ್ಬನೇ ಲೋಕಲ್‌ನಲ್ಲಿ ಸಿಎಸ್‌ಎಂಟಿಗೆ ಕಳುಹಿಸಿ, ತಂದೆ ಪಕ್ಕದ ಡಬ್ಬಿಯಲ್ಲಿ ಕಾಣದಂತೆ ಬಂದದ್ದನ್ನೂ ನೆನೆದಿದ್ದಾರೆ.

ರೋಹಿತ್‌ರ ತಂದೆತಾಯಿ ಇದ್ದದ್ದು ಡೊಂಬಿವ್ಲಿಯ ಒಂದೇ ಕೋಣೆಯ ಮನೆಯಲ್ಲಿ. ಹುಡುಗ ಬೊರಿವಲಿಯಲ್ಲಿ ಅಜ್ಜ ಅಜ್ಜಿ, ಚಿಕ್ಕಪ್ಪಂದಿರ ಜತೆ. ಅಪ್ಪ ಅಮ್ಮನನ್ನು ನೋಡುವುದು ವಾರಾಂತ್ಯಕ್ಕೆ. 1999ರಲ್ಲಿ ಕೋಚ್ ದಿನೇಶ್ ಲಾಡ್ ಅವನನ್ನು ಗಮನಿಸಿ ಸ್ವಾಮಿ ವಿವೇಕಾನಂದ ಶಾಲೆಗೆ ಸೇರಿಸಿ ಫೀಸು ಮಾಫಿ ಮಾಡಿಸಿದರು. ಆಗ ಅವನು ಬ್ಯಾಟ್ಸ್‌ಮನ್ ಅಲ್ಲ, ಆಫ್ ಸ್ಪಿನ್ನರ್! ಪಾಲ್ಘರ್‌ನಿಂದ ಬಂದ ಶಾರ್ದೂಲ್‌ಗೆ ಮುಂದೆ ತಮ್ಮ ಮನೆಯಲ್ಲೇ ಜಾಗ ಕೊಟ್ಟವರೂ ಇದೇ ಲಾಡ್. ಬಾಂದ್ರಾದಲ್ಲಿ ಮನೆಯಿದ್ದ ಸಚಿನ್ ಕೂಡ ಶಿವಾಜಿ ಪಾರ್ಕ್ ಹತ್ತಿರದ ಬಂಧುಗಳ ಮನೆಯಲ್ಲಿದ್ದುಕೊಂಡೇ ಅಭ್ಯಾಸ ಮಾಡಿದ್ದು.

ಗಮನಿಸಿ, ಮೈದಾನದ ಹತ್ತಿರ ಮಲಗಲು ಒಂದು ಜಾಗ ಸಿಕ್ಕವರು ಮುಂದೆ ಬಂದಿದ್ದಾರೆ. ಇಲ್ಲವೇ ರಹಾನೆಯಂತೆ ಸುಮಾರು 50 ಕಿ.ಮೀ. ರೈಲಿನಲ್ಲಿ ನಿಂತು ಹೋಗಬೇಕು. ಸ್ಕೋರ್‌ಬುಕ್‌ನಲ್ಲಿ ಅದಕ್ಕೆ ಕಾಲಂ ಇಲ್ಲ.

ಬೌಲರ್‌ಗಳ ಮಾತೇ ಇಲ್ಲ ಎಂಬುದನ್ನೂ ನೀವು ಗಮನಿಸಿರಬಹುದು. ಕಲ್ಯಾಣ್‌ನಿಂದ ಭಾರತ ತಂಡ ತಲುಪಿದ ತುಷಾರ್ ದೇಶಪಾಂಡೆ ವೇಗದ ಬೌಲರ್. ಹುಡುಗನಾಗಿದ್ದಾಗ ಆಯ್ಕೆ ಶಿಬಿರಕ್ಕೆ ಬ್ಯಾಟ್ಸ್‌ಮನ್ ಆಗಿ ಹೋಗಿ, ಬ್ಯಾಟಿಂಗ್ ಸಾಲು ಉದ್ದವಿದೆ ಎಂದು ಬೌಲಿಂಗ್ ಸಾಲಿಗೆ ಹೋಗಿ ನಿಂತವರು. ಒಂದೊಂದು ಇನಿಂಗ್ಸ್‌ಗೆ ಐನೂರು ಬಿಟ್ಟುಕೊಡುವ ಕಡೆ ಬೌಲರ್‌ನನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಪ್ಯಾಡ್ ಕಟ್ಟಿಕೊಂಡು ಕೂತವರದ್ದೂ ಅದೇ ಕಥೆ. 664ರ ಜೊತೆಯಾಟ ನಡೆಯುವಾಗ ಮುಂದಿನ ಬ್ಯಾಟ್ಸ್‌ಮನ್ ಆಗಿ ಪ್ಯಾಡ್ ಕಟ್ಟಿ ಕಾಯುತ್ತಿದ್ದವರು ಅಮೋಲ್ ಮಜುಂದಾರ್. ಸರದಿ ಬರಲೇ ಇಲ್ಲ. ಪ್ರಥಮ ದರ್ಜೆಯಲ್ಲಿ 11 ಸಾವಿರಕ್ಕೂ ಹೆಚ್ಚು ರನ್ ಹೊಡೆದರೂ ಭಾರತಕ್ಕೆ ಆಡಲಿಲ್ಲ. 2025ರ ನವೆಂಬರ್ 2ರಂದು ನವಿ ಮುಂಬೈಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಮಹಿಳಾ ವಿಶ್ವಕಪ್ ಗೆದ್ದ ಭಾರತ ತಂಡದ ಕೋಚ್ ಅವರೇ.

1009ರ ನಂತರ

ಪ್ರಣವ್‌ಗೆ ಮುಂಬೈ ಕ್ರಿಕೆಟ್ ಸಂಸ್ಥೆ ತಿಂಗಳಿಗೆ 10 ಸಾವಿರ ರೂಪಾಯಿಯಂತೆ ಐದು ವರ್ಷದ ವಿದ್ಯಾರ್ಥಿವೇತನ ಘೋಷಿಸಿತು. ಸಚಿನ್ ಬ್ಯಾಟ್ ಕಳುಹಿಸಿದರು. ಅದೇ ವರ್ಷ ಪಶ್ಚಿಮ ವಲಯದ 16 ವರ್ಷದೊಳಗಿನವರ ತಂಡದಲ್ಲಿ ಅರ್ಜುನ್ ತೆಂಡೂಲ್ಕರ್ ಹೆಸರಿದ್ದು ಪ್ರಣವ್ ಹೆಸರಿಲ್ಲದಾಗ ಜಾಲತಾಣಗಳಲ್ಲಿ ಗಲಾಟೆಯಾಯಿತು. ವಾಸ್ತವ ಬೇರೆಯಿತ್ತು. ವಲಯ ತಂಡಕ್ಕೆ ಬರಬೇಕಾದರೆ ಮೊದಲು ಮುಂಬೈ ತಂಡದಲ್ಲಿ ಆಡಿರಬೇಕು, ಆ ತಂಡದ ಆಯ್ಕೆ 1009ಕ್ಕೂ ಮುಂಚೆಯೇ ಮುಗಿದಿತ್ತು. ಇದನ್ನು ಪ್ರಣವ್‌ನ ತಂದೆಯೇ ಸ್ಪಷ್ಟಪಡಿಸಿದರು. ಆದರೆ ಆ ಹೊತ್ತಿಗೆ ಹುಡುಗ ತನ್ನದಲ್ಲದ ಜಗಳದ ನಡುವೆ ನಿಂತಾಗಿತ್ತು.

ಆಮೇಲೆ ರನ್ ಬರುವುದು ಕಡಿಮೆಯಾಯಿತು. ಪ್ರತಿ ಸಲ ಬ್ಯಾಟಿಂಗ್‌ಗೆ ಇಳಿದಾಗಲೂ ಜನ ಕಾಯುತ್ತಿದ್ದದ್ದು ಇನ್ನೊಂದು ಸಾವಿರಕ್ಕೆ. 2017ರಲ್ಲಿ ತಂದೆ ಸಂಸ್ಥೆಗೆ ಪತ್ರ ಬರೆದರು: ಮಗನ ಆಟ ನಿರೀಕ್ಷೆಯ ಮಟ್ಟದಲ್ಲಿಲ್ಲ, ವಿದ್ಯಾರ್ಥಿವೇತನ ನಿಲ್ಲಿಸಿ, ಆಟ ಸುಧಾರಿಸಿದರೆ ಆಗ ನೋಡೋಣ. ಆಟೋ ಓಡಿಸುವ ಮನೆಗೆ ತಿಂಗಳಿಗೆ 10 ಸಾವಿರ ಎಂದರೆ ಎಷ್ಟು ಎಂದು ಡೊಂಬಿವ್ಲಿ, ಕಲ್ಯಾಣ್‌ನಲ್ಲಿ ಮನೆ ನಡೆಸುವವರಿಗೆ ಬಿಡಿಸಿ ಹೇಳಬೇಕಿಲ್ಲ.