ಮ್ಯಾಚ್ ಮುಗಿದ ಮೇಲೆ ಮೈದಾನವೇ ಎದ್ದು ಹೋಗುತ್ತೆ!

ಲಂಡನ್ನಿನ ಟೊಟೆನ್‌ಹ್ಯಾಮ್ ಹಾಟ್‌ಸ್ಪರ್ ಸ್ಟೇಡಿಯಂನಲ್ಲಿ ಫುಟ್‌ಬಾಲ್ ಮುಗಿದ ಮೇಲೆ ಜನ ಮಾತ್ರ ಅಲ್ಲ, ಬೇಕೆಂದಾಗ ಮೈದಾನವೂ ಎದ್ದು ಹೋಗುತ್ತೆ. ಹುಲ್ಲಿನ ಇಡೀ ಅಂಗಳ ಮೂರು ತುಂಡಾಗಿ ದಕ್ಷಿಣದ ಸ್ಟ್ಯಾಂಡ್ ಅಡಿಗೆ ಜಾರಿಕೊಳ್ಳುತ್ತೆ. ಒಂದೊಂದು ತುಂಡಿನ ತೂಕ 3,000 ಟನ್‌ಗೂ ಹೆಚ್ಚು. ಬೇಕಾಗೋ ಸಮಯ ಸುಮಾರು 25 ನಿಮಿಷ. ಅಷ್ಟರಲ್ಲಿ ನಾವು ಸಿಲ್ಕ್ ಬೋರ್ಡ್ ದಾಟಿರಲ್ಲ!

ಮೂರು ತುಂಡು ಯಾಕೆ? ದಕ್ಷಿಣದ ಸ್ಟ್ಯಾಂಡ್ ಅನ್ನು ಹೊತ್ತಿರೋದು ಮರದಂತೆ ಕವಲೊಡೆದ ಎರಡು ಭಾರಿ ಉಕ್ಕಿನ ಕಂಬಗಳು. ಅವುಗಳ ನಡುವೆ, ಆಚೀಚೆ ನುಸುಳಿ ಹೋಗೋಕೆ ಮೈದಾನ ಸೀಳಲೇಬೇಕು. ಒಳಗೆ ಕತ್ತಲಲ್ಲಿ ಹುಲ್ಲು ಬಾಡದಿರಲಿ ಅಂತ ದೀಪದ ಬೆಳಕು, ನೀರಿನ ವ್ಯವಸ್ಥೆ ಎಲ್ಲಾ ಇದೆ. ಹುಲ್ಲು ಸರಿದಾಗ ಕೆಳಗಿಂದ ಕಾಣಿಸೋದು ಇನ್ನೊಂದು ಅಂಗಳ, ಕೃತಕ ಹುಲ್ಲಿನದು. ಅದು ಎನ್‌ಎಫ್‌ಎಲ್‌ಗೆ, ಅಂದರೆ ಹೆಲ್ಮೆಟ್ ಹಾಕ್ಕೊಂಡು ಆಡೋ ಅಮೆರಿಕನ್ ಫುಟ್‌ಬಾಲ್‌ಗೆ. ಬಿಯಾನ್ಸೆಯಂಥವರ ದೊಡ್ಡ ಕಾನ್ಸರ್ಟ್‌ಗಳೂ ಇಲ್ಲೇ ನಡೆಯುತ್ತವೆ.

ಇಷ್ಟೆಲ್ಲ ಯಾಕಪ್ಪಾ ಅಂದರೆ ಲೆಕ್ಕ ಸರಳ. ಪ್ರೀಮಿಯರ್ ಲೀಗ್‌ನಲ್ಲಿ ಒಂದು ತಂಡಕ್ಕೆ ತವರಲ್ಲಿ ಸಿಗೋದು ವರ್ಷಕ್ಕೆ 19 ಪಂದ್ಯ. ಕಪ್ ಪಂದ್ಯಗಳು ಸೇರಿದರೂ ವರ್ಷದ ಬಹುಪಾಲು ದಿನ ಸ್ಟೇಡಿಯಂ ಖಾಲಿ. ಕಟ್ಟೋಕೆ ಖರ್ಚಾಗಿದ್ದು ಸುಮಾರು 100 ಕೋಟಿ ಪೌಂಡ್. ಆ ಸಾಲ ತೀರಬೇಕಾದರೆ ಕಟ್ಟಡ ದಿನಾ ದುಡೀಬೇಕು. ಅದಕ್ಕೇ ಸ್ಟ್ಯಾಂಡ್ ಕೆಳಗೆ ಗೋ-ಕಾರ್ಟ್ ಓಟ, ಛಾವಣಿ ಮೇಲೆ ಟಿಕೆಟ್ ಕೊಟ್ಟು ನಡೆದಾಡೋ ಅವಕಾಶ, 65 ಮೀಟರ್ ಉದ್ದದ ಬಾರ್ ಕೌಂಟರ್. 2019ರ ಏಪ್ರಿಲ್ 3ರಂದು ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ ಇಲ್ಲಿ ಮೊದಲ ಲೀಗ್ ಪಂದ್ಯ ನಡೆದಾಗ ನೋಟು, ಚಿಲ್ಲರೆ ಯಾವುದೂ ನಡೆಯೋದಿಲ್ಲ ಅನ್ನೋದೇ ಸುದ್ದಿಯಾಗಿತ್ತು. ಟೀ ಅಂಗಡಿಯಲ್ಲೂ ಕ್ಯುಆರ್ ಸ್ಕ್ಯಾನ್ ಮಾಡೋ ನಮಗೆ ಇದೇನು ದೊಡ್ಡದಲ್ಲ ಬಿಡಿ.

ನನಗೆ ನಿಜಕ್ಕೂ ಹೊಟ್ಟೆಕಿಚ್ಚು ತರಿಸೋದು ಬೇರೆ. ಒಟ್ಟು 62,850 ಸೀಟು. ಅದರಲ್ಲಿ 17,500 ದಕ್ಷಿಣದ ಒಂದೇ ಸ್ಟ್ಯಾಂಡ್‌ನಲ್ಲಿ, ನಡುವೆ ಎಲ್ಲೂ ತುಂಡಾಗದೆ ಗೋಡೆಯಂತೆ ಮೇಲೆದ್ದಿದೆ. ಅಲ್ಲಿ ಮೊದಲ ಸಾಲಿಗೂ ಗೋಲಿನ ಗೆರೆಗೂ ಇರೋ ದೂರ ಬರೀ 5 ಮೀಟರ್‌ನಷ್ಟು. ನಮ್ಮ ಕಂಠೀರವದಲ್ಲಿ ಬಿಎಫ್‌ಸಿ ಪಂದ್ಯ ನೋಡಿದವರಿಗೆ ಇದರ ಬೆಲೆ ಗೊತ್ತು. ಅಲ್ಲಿ ನಮಗೂ ಆಟಗಾರರಿಗೂ ನಡುವೆ ಅಥ್ಲೆಟಿಕ್ಸ್ ಟ್ರ್ಯಾಕ್ ಮಲಗಿರುತ್ತೆ.

ಇದೆಲ್ಲ ಸುಮ್ಮನೆ ಆಗಲಿಲ್ಲ. ಪಕ್ಕದ ಪ್ಯಾಕ್ಸ್‌ಟನ್ ರಸ್ತೆಯಲ್ಲಿ ಒಂದು ಕುಟುಂಬ ನಡೆಸುತ್ತಿದ್ದ ತಗಡಿನ ಕೆಲಸದ ವರ್ಕ್‌ಶಾಪ್ ಇತ್ತು. ಜಾಗ ಬಿಡಲ್ಲ ಅಂತ ಅವರು ಕೋರ್ಟಿಗೆ ಹೋದರು. 2015ರಲ್ಲಿ ಸೋತರು, ಕೊನೆಗೆ ಎದ್ದು ಹೋಗಬೇಕಾಯಿತು.

1899ರಿಂದ ಆಡಿದ್ದ ಹಳೆಯ ವೈಟ್ ಹಾರ್ಟ್ ಲೇನ್ ಮೈದಾನ 2017ರಲ್ಲಿ ನೆಲಸಮವಾಯಿತು. ಅದರ ನೆನಪನ್ನು ಮಾತ್ರ ಕ್ಲಬ್ ಜೋಪಾನವಾಗಿ ಇಟ್ಟುಕೊಂಡಿದೆ. ಹಳೆಯ ಕಾಂಕ್ರೀಟನ್ನು ಪುಡಿಮಾಡಿ ಹೊಸ ನೆಲಕ್ಕೆ ಬೆರೆಸಿದ್ದಾರೆ. ಛಾವಣಿ ಮೇಲೆ ಕ್ಲಬ್ಬಿನ ಲಾಂಛನವಾದ ಬಂಗಾರ ಬಣ್ಣದ ಹುಂಜ ನಿಂತಿದೆ, ನಾಲ್ಕೂವರೆ ಮೀಟರ್ ಎತ್ತರ. ಹಳೆಯ ಹುಂಜಕ್ಕೆ ಅವರದೇ ಆಟಗಾರ ಪಾಲ್ ಗ್ಯಾಸ್ಕೋಯ್ನ್ ಒಮ್ಮೆ ಏರ್‌ಗನ್‌ನಿಂದ ಗುರಿಯಿಟ್ಟು ಹೊಡೆದು ತಗ್ಗು ಬೀಳಿಸಿದ್ದ. ಹೊಸ ಹುಂಜದಲ್ಲಿ ಆ ತಗ್ಗನ್ನೂ ಬಿಡದೆ ಮಾಡಿದ್ದಾರೆ!

ಆಟ? 2008ರ ನಂತರ ಟ್ರೋಫಿಗಾಗಿ 17 ವರ್ಷ ಕಾಯಬೇಕಾಯಿತು. 2025ರ ಮೇನಲ್ಲಿ ಬಿಲ್ಬಾವೊದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅನ್ನು 1–0ರಿಂದ ಸೋಲಿಸಿ ಯುರೋಪಾ ಲೀಗ್ ಗೆದ್ದರು. ಅದೇ ಸೀಸನ್‌ನಲ್ಲಿ ಪ್ರೀಮಿಯರ್ ಲೀಗ್‌ನ 20 ತಂಡಗಳಲ್ಲಿ 17ನೇ ಸ್ಥಾನ! ಮೈದಾನ ಸರಿಸೋ ಯಂತ್ರ ಕೊಳ್ಳಬಹುದು, ಡಿಫೆಂಡರ್‌ಗಳ ಫಾರ್ಮ್ ಕೊಳ್ಳೋಕಾಗಲ್ಲ.

ಈ ಸ್ಟೇಡಿಯಂ ಬಗ್ಗೆ ನನ್ನ ತಕರಾರು ಒಂದೇ. 2024ರಲ್ಲಿ ಕ್ಲಬ್ ಒಂದು ಪ್ರಕಟಣೆ ಹೊರಡಿಸಿತು: 2025–26ರಿಂದ ಹಿರಿಯ ನಾಗರಿಕರಿಗೆ ರಿಯಾಯಿತಿ ದರದ ಹೊಸ ಸೀಸನ್ ಟಿಕೆಟ್ ಇಲ್ಲ. ಅಭಿಮಾನಿಗಳು ಬ್ಯಾನರ್ ಹಿಡಿದು ಪ್ರತಿಭಟಿಸಿದರು. ಲೆಕ್ಕ ಹಾಕಿ ನೋಡಿ, 1990ರಲ್ಲಿ ಹಳೆಯ ಮೈದಾನದಲ್ಲಿ ಗ್ಯಾಸ್ಕೋಯ್ನ್ ಆಟ ಕಂಡು ಶಿಳ್ಳೆ ಹೊಡೆದಿದ್ದ 30ರ ಹುಡುಗನಿಗೆ 2025ಕ್ಕೆ ಸರಿಯಾಗಿ 65.