ಪತ್ತು ಎಂಬ ಸಂಪತ್ತು: ಸಾಲವನ್ನೇ ಮಾಡದ ಮಕ್ಕಳು ಬ್ಯಾಂಕಿನ ಬಾಗಿಲಲ್ಲಿ

ನಮ್ಮ ನಾಡಿನ ಊರೂರುಗಳಲ್ಲಿ ‘ಪತ್ತಿನ ಸಹಕಾರ ಸಂಘ’ ಎಂಬ ನಾಮಫಲಕವನ್ನು ನಾವು ದಿನನಿತ್ಯ ಕಾಣುತ್ತೇವೆ. ಆದರೆ ಆ ‘ಪತ್ತು’ ಎಂಬ ಮಾತಿನ ಅರ್ಥವನ್ನು ಕುರಿತು ಆಲೋಚಿಸುವವರು ವಿರಳ. ಪತ್ತು ಎಂದರೆ ಸಾಲವಲ್ಲ. ಕೊಟ್ಟ ಹಣ ವೇಳೆಗೆ ಸರಿಯಾಗಿ ಮರಳಿ ಬರುತ್ತದೆಂದು ಕೊಡುವವನ ಮನಸ್ಸಿನಲ್ಲಿ ನೆಲೆಗೊಳ್ಳುವ ನಂಬಿಕೆ. ಸಾಲ ಆ ನಂಬಿಕೆಯ ಫಲ ಮಾತ್ರ.

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಜಾರಿಗೆ ಬಂದ ಮರುವರ್ಷವೇ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಪತ್ತಿನ ಸಂಘವೊಂದು ಸ್ಥಾಪನೆಯಾಯಿತು. ಅಂತಹ ಹಳ್ಳಿಯ ಸಂಘದಲ್ಲಿ ಸಾಲ ಕೇಳುವವನ ಮನೆತನ, ಹೊಲ, ನಡೆನುಡಿ ಎಲ್ಲವೂ ಕೊಡುವವರಿಗೆ ತಿಳಿದಿರುತ್ತಿತ್ತು. ಹಿರಿಯರೊಬ್ಬರು ‘ನಮ್ಮ ಹುಡುಗ, ಕೊಡಿರಿ’ ಎಂದರೆ ಅದೇ ಪ್ರಮಾಣಪತ್ರವಾಗುತ್ತಿತ್ತು. ಇಂದು ಬೆಂಗಳೂರಿನಲ್ಲೋ ಪುಣೆಯಲ್ಲೋ ಉದ್ಯೋಗಕ್ಕೆ ಸೇರಿದ ನಮ್ಮ ಮಕ್ಕಳು ಸಾಲದ ಅರ್ಜಿ ಸಲ್ಲಿಸಿದಾಗ, ಅವರ ಮನೆತನವನ್ನು ಬಲ್ಲವರು ಆ ಬ್ಯಾಂಕಿನಲ್ಲಿ ಯಾರೂ ಇರುವುದಿಲ್ಲ. ಅಲ್ಲಿ ಮಾತನಾಡುವುದು ಗಣಕಯಂತ್ರದಲ್ಲಿರುವ ಒಂದು ವರದಿ. ಆ ವರದಿಯ ಪುಟವೇ ಖಾಲಿಯಾಗಿದ್ದರೆ?

ಸಾಲವಿಲ್ಲದವನಿಗೆ ಸಾಲವಿಲ್ಲ!

‘ಸಾಲವೇ ಶೂಲ’ ಎಂಬ ಮಾತನ್ನು ನಂಬಿ ಬಾಳಿದ ಮನೆಗಳು ನಮ್ಮಲ್ಲಿ ಅನೇಕ. ಮಗನ ಕಾಲೇಜಿನ ಶುಲ್ಕದಿಂದ ಹಿಡಿದು ಮನೆಯ ದ್ವಿಚಕ್ರ ವಾಹನದವರೆಗೆ ಎಲ್ಲವನ್ನೂ ರೋಖು ಕೊಟ್ಟೇ ಕೊಳ್ಳುವುದು ಅಲ್ಲಿಯ ಪದ್ಧತಿ. ಇದು ಖಂಡಿತವಾಗಿಯೂ ಸದ್ಗುಣ. ಆದರೆ ಅಂತಹ ಮನೆಯ ಯುವಕನೊಬ್ಬ ತನ್ನ 26ನೆಯ ವಯಸ್ಸಿನಲ್ಲಿ ಗೃಹಸಾಲಕ್ಕೆ ಅರ್ಜಿ ಹಾಕಿದಾಗ, ಒಳ್ಳೆಯ ವೇತನವಿದ್ದರೂ, ಉಳಿತಾಯ ಖಾತೆಯಲ್ಲಿ ಹಣವಿದ್ದರೂ, ಬ್ಯಾಂಕು ಹಿಂಜರಿಯುವುದುಂಟು. ಹಿಂದೆಂದೂ ಸಾಲ ಮಾಡದವನು ಸಾಲವನ್ನು ಹೇಗೆ ತೀರಿಸುತ್ತಾನೆಂಬುದಕ್ಕೆ ಬ್ಯಾಂಕಿನ ಬಳಿ ಯಾವ ಆಧಾರವೂ ಇರುವುದಿಲ್ಲ. ಉಳಿತಾಯ ಖಾತೆಯ ಶಿಲ್ಕು, ಮೊಬೈಲಿನಿಂದ ಮಾಡುವ ಯುಪಿಐ ಪಾವತಿಗಳು, ಬಂಧುಗಳಿಂದ ಪಡೆದು ಹಿಂದಿರುಗಿಸಿದ ಕೈಗಡ ಇವಾವುವೂ ಸಾಲದ ವರದಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಈ ಲೆಕ್ಕ ಬರೆಯುವವರಾರು?

ಜನರ ಬಾಯಲ್ಲಿ ‘ಸಿಬಿಲ್’ ಎಂದು ಪ್ರಸಿದ್ಧವಾಗಿರುವ ಸಂಸ್ಥೆ 2000ದಲ್ಲಿ ಸ್ಥಾಪನೆಯಾಯಿತು. 2005ರಲ್ಲಿ ಸಾಲ ಮಾಹಿತಿ ಕಂಪನಿಗಳ ನಿಯಂತ್ರಣ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿತು. ಇಂದು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಇಂತಹ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ತಮ್ಮ ಸಾಲಗಾರರ ವ್ಯವಹಾರವನ್ನು ಇವುಗಳಿಗೆ ವರದಿ ಮಾಡಬೇಕು. ಮೊದಲು ತಿಂಗಳಿಗೊಮ್ಮೆ ಸಲ್ಲುತ್ತಿದ್ದ ಈ ವರದಿ, 2025ರ ಜನವರಿ 1ರಿಂದ ಕನಿಷ್ಠ 15 ದಿನಗಳಿಗೊಮ್ಮೆಯಾದರೂ ಸಲ್ಲಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿತು.

ಈ ಮಾಹಿತಿಯನ್ನು ಆಧರಿಸಿ 300ರಿಂದ 900ರವರೆಗಿನ ಒಂದು ಅಂಕವನ್ನು ನೀಡಲಾಗುತ್ತದೆ. ಸಾಮಾನ್ಯವಾಗಿ 750ಕ್ಕೆ ಮೇಲ್ಪಟ್ಟ ಅಂಕವನ್ನು ಉತ್ತಮವೆಂದು ಪರಿಗಣಿಸುವುದು ರೂಢಿ. ಕಂತುಗಳನ್ನು ವೇಳೆಗೆ ಕಟ್ಟಲಾಗಿದೆಯೇ, ದೊರೆತ ಸಾಲದ ಮಿತಿಯಲ್ಲಿ ಎಷ್ಟನ್ನು ಬಳಸಲಾಗಿದೆ, ಖಾತೆ ಎಷ್ಟು ಹಳೆಯದು, ಇತ್ತೀಚೆಗೆ ಎಷ್ಟು ಕಡೆ ಸಾಲಕ್ಕೆ ಅರ್ಜಿ ಹಾಕಲಾಗಿದೆ ಎಂಬಿವು ಅಂಕವನ್ನು ನಿರ್ಧರಿಸುವ ಮುಖ್ಯ ಸಂಗತಿಗಳು. ಇವುಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಮಿಗಿಲಾದುದು. ಸಾಲದ ಇತಿಹಾಸವೇ ಇಲ್ಲದವರಿಗೆ ಅಂಕವೇ ಇರುವುದಿಲ್ಲ. ಅಂಕವಿಲ್ಲದಿರುವುದು ಬೇರೆ, ಕಡಿಮೆ ಅಂಕವಿರುವುದು ಬೇರೆ. ಮೊದಲನೆಯದು ಬರೆಯದ ಹಾಳೆ. ಎರಡನೆಯದು ಕಲೆಯಾದ ಹಾಳೆ. ಬರೆಯದ ಹಾಳೆಯ ಮೇಲೆ ಸುಂದರವಾಗಿ ಬರೆಯಲು ಅವಕಾಶವಿದೆ ಎಂಬುದನ್ನು ನಮ್ಮ ಯುವಜನರು ಮರೆಯಬಾರದು.

ಇತಿಹಾಸವಿಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಬಾರಿಯ ಸಾಲಗಾರರ ಅರ್ಜಿಯನ್ನು ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕು 2025ರ ಜನವರಿ 6ರ ತನ್ನ ನಿರ್ದೇಶನದಲ್ಲಿ ಸಾಲ ಸಂಸ್ಥೆಗಳಿಗೆ ಸಲಹೆ ನೀಡಿದೆ. ಇಂತಿಷ್ಟೇ ಅಂಕವಿರಬೇಕೆಂಬ ಕನಿಷ್ಠ ಮಿತಿಯನ್ನು ರಿಸರ್ವ್ ಬ್ಯಾಂಕು ಗೊತ್ತುಪಡಿಸಿಲ್ಲವೆಂದು ಕೇಂದ್ರ ಸರ್ಕಾರವೂ 2025ರಲ್ಲಿ ಲೋಕಸಭೆಗೆ ತಿಳಿಸಿತು. ಆದರೂ ಕೊಡುವ ಬಿಡುವ ತೀರ್ಮಾನ ಆಯಾ ಬ್ಯಾಂಕಿನದೇ. ಆದ್ದರಿಂದ ಅಗತ್ಯ ಬೀಳುವ ಮೊದಲೇ ಪತ್ತನ್ನು ಸಂಪಾದಿಸಿಕೊಳ್ಳುವುದು ಜಾಣತನ.

ಮೊದಲ ಮೆಟ್ಟಿಲುಗಳು

ಮೊದಲ ಸಾಲವನ್ನು ಆರಿಸಿಕೊಳ್ಳಲು ನಾವು ಒಂದೇ ನಿಯಮವನ್ನು ಹೇಳಬಯಸುತ್ತೇವೆ: ಕೈಯಲ್ಲಿರುವ ಹಣದಿಂದಲೇ ತೀರಿಸಬಹುದಾದಷ್ಟು ಸಾಲವೇ ಮೊದಲ ಸಾಲವಾಗಿರಲಿ.

ಈ ನಿಯಮಕ್ಕೆ ಚೆನ್ನಾಗಿ ಹೊಂದುವುದು ಮುದ್ದತಿ ಠೇವಣಿಯ ಆಧಾರದ ಮೇಲೆ ಬ್ಯಾಂಕುಗಳು ನೀಡುವ ಕ್ರೆಡಿಟ್ ಕಾರ್ಡು. ಒಬ್ಬ ಯುವತಿ ₹20,000 ಠೇವಣಿಯಿಟ್ಟು, ಅದರ ಆಧಾರದಲ್ಲಿ ₹16,000 ಮಿತಿಯ ಕಾರ್ಡು ಪಡೆದಳೆಂದು ಭಾವಿಸೋಣ. ಠೇವಣಿಗೆ ಬಡ್ಡಿ ಬರುತ್ತಲೇ ಇರುತ್ತದೆ. ಮಿತಿಯ ಶೇಕಡಾ 30ನ್ನು ಮೀರದಂತೆ ಬಳಸುವುದು ಒಳಿತೆಂಬುದು ತಿಳಿದವರ ಮಾತು. ಇಲ್ಲಿ ಅದು ₹4,800. ಅವಳು ಮನೆಯ ದಿನಸಿ ಮತ್ತು ವಿದ್ಯುತ್ ಬಿಲ್ಲಿಗೆಂದು ತಿಂಗಳಿಗೆ ₹2,000 ಮಾತ್ರ ಬಳಸಿ, ಗಡುವಿನೊಳಗೆ ಪೂರ್ತಿ ಕಟ್ಟುತ್ತ ಹೋದರೆ ಬಡ್ಡಿಯ ಒಂದು ರೂಪಾಯಿಯನ್ನೂ ತೆರಬೇಕಾಗುವುದಿಲ್ಲ. ಸುಮಾರು 6 ತಿಂಗಳ ವ್ಯವಹಾರವಾದ ಬಳಿಕ ಅಂಕ ದೊರೆಯತೊಡಗುತ್ತದೆ. ಅನಂತರದ್ದು ತಾಳ್ಮೆಯ ಕೆಲಸ.

ಎರಡನೆಯದು ವಿದ್ಯಾಭ್ಯಾಸದ ಸಾಲ. ಇದರಲ್ಲಿ ಸಾಮಾನ್ಯವಾಗಿ ತಂದೆ ಅಥವಾ ತಾಯಿ ಸಹ-ಸಾಲಗಾರರಾಗಿರುತ್ತಾರೆ. ವ್ಯಾಸಂಗದ ಅವಧಿ ಹಾಗೂ ಅದರ ನಂತರದ ಒಂದು ವರ್ಷ ಕಂತಿನಿಂದ ವಿನಾಯಿತಿ ಇರುವುದು ರೂಢಿ. ಆದರೆ ಕಂತು ಆರಂಭವಾದ ಮೇಲೆ ತಪ್ಪಿದರೆ, ಅದರ ಕಲೆ ಮಗನ ಹೆಸರಿಗೂ ತಂದೆಯ ಹೆಸರಿಗೂ ತಗಲುತ್ತದೆ. ಮೂರನೆಯದು, ನಿಜವಾಗಿ ಬೇಕಾದ ವಸ್ತುವಿಗಾಗಿ ಪಡೆಯುವ ಸಣ್ಣ ಕಂತಿನ ಸಾಲ. ‘ಬಡ್ಡಿಯಿಲ್ಲದ ಕಂತು’ ಎಂದು ಅಂಗಡಿಯಲ್ಲಿ ಕೊಡುವ ಮೊಬೈಲು ಕೂಡ ಹಣಕಾಸು ಕಂಪನಿಯ ಸಾಲವೇ ಎಂಬುದು ನೆನಪಿರಲಿ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ನಿವಾರಿಸಬೇಕು. ತಂದೆಯ ಕ್ರೆಡಿಟ್ ಕಾರ್ಡಿನ ಮೇಲೆ ಮಗನಿಗೆ ಹೆಚ್ಚುವರಿ ಕಾರ್ಡು ಮಾಡಿಸಿದರೆ ಮಗನ ಪತ್ತು ಬೆಳೆಯುವುದಿಲ್ಲ. ಆ ವ್ಯವಹಾರ ತಂದೆಯ ಹೆಸರಿನಲ್ಲೇ ದಾಖಲಾಗುತ್ತದೆ. ಹಾಗೆಯೇ ಸಹಕಾರಿ ಬ್ಯಾಂಕುಗಳು ಈ ಕಾಯ್ದೆಯ ವ್ಯಾಪ್ತಿಗೆ ಬಂದರೂ, ಬ್ಯಾಂಕಿನ ಪರವಾನಗಿಯಿಲ್ಲದ ಪತ್ತಿನ ಸಂಘಗಳಲ್ಲಿ ಅನೇಕವು ಸಾಲ ಮಾಹಿತಿ ಕಂಪನಿಗಳಿಗೆ ವರದಿ ಮಾಡುವುದಿಲ್ಲ. ಅಲ್ಲಿ ನಿಷ್ಠೆಯಿಂದ ತೀರಿಸಿದ ಸಾಲ ಊರಿನಲ್ಲಿ ಗೌರವ ತಂದೀತು, ವರದಿಯಲ್ಲಿ ಕಾಣಿಸದಿರಬಹುದು. ಸಾಲ ಪಡೆಯುವ ಮುನ್ನವೇ ಈ ಬಗ್ಗೆ ಕೇಳಿ ತಿಳಿದುಕೊಳ್ಳುವುದು ಲೇಸು.

ಜಾರುವ ನೆಲ

ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ’ ಎಂಬ ಸಣ್ಣ ಮೊತ್ತವೊಂದು ಮುದ್ರಿತವಾಗಿರುತ್ತದೆ. ₹15,000ದ ಬಿಲ್ಲಿಗೆ ₹750 ಕಟ್ಟಿದರೆ ಸಾಕೆಂದು ಅದು ಹೇಳಿದರೆ ಯುವಮನಸ್ಸು ಹಿಗ್ಗುವುದು ಸಹಜ. ಆದರೆ ಉಳಿದ ₹14,250ರ ಮೇಲೆ ತಿಂಗಳಿಗೆ ಶೇಕಡಾ 3.5ರಂತೆ ಹಿಡಿದರೂ ₹500ರಷ್ಟು ಬಡ್ಡಿ ಬೀಳುತ್ತದೆ. ವರ್ಷಕ್ಕೆ ಅದು ಶೇಕಡಾ 42. ಖಾಸಗಿ ಲೇವಾದೇವಿಯವರ ಬಡ್ಡಿಯನ್ನು ನಿಂದಿಸುವ ನಾವು ಇದನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳುವುದು ವಿಪರ್ಯಾಸವಲ್ಲವೇ?

ಮೊಬೈಲಿನ ಆ್ಯಪ್‌ಗಳಲ್ಲಿ ನಿಮಿಷಾರ್ಧದಲ್ಲಿ ದೊರೆಯುವ ಸಾಲ ಮತ್ತೊಂದು ಜಾರುಬಂಡೆ. 2022ರಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಇಂತಹ ಸಾಲ ಎಷ್ಟೇ ಸಣ್ಣದಾಗಿರಲಿ, ಅವಧಿ ಎಷ್ಟೇ ಅಲ್ಪವಾಗಿರಲಿ, ಸಾಲ ಮಾಹಿತಿ ಕಂಪನಿಗಳಿಗೆ ವರದಿಯಾಗಲೇಬೇಕು. ಊಟ ತರಿಸಿಕೊಂಡ ಕೆಲವು ನೂರು ರೂಪಾಯಿಗಳ ‘ಆಮೇಲೆ ಕೊಡಿ’ ಬಾಕಿಯೂ ಸಾಲವಾಗಿ ನೋಂದಣಿಯಾಗಿದ್ದು, ಮರೆತುಹೋದರೆ, ಮುಂದೆ ಲಕ್ಷಗಟ್ಟಲೆಯ ಗೃಹಸಾಲಕ್ಕೆ ಅಡ್ಡಗಾಲು ಹಾಕಬಲ್ಲದು. ಒಂದೇ ತಿಂಗಳಲ್ಲಿ ಐದಾರು ಕಡೆ ಅರ್ಜಿ ಹಾಕುವುದೂ ಸಲ್ಲದು; ಪ್ರತಿಯೊಂದು ಅರ್ಜಿಯ ವಿಚಾರಣೆಯೂ ವರದಿಯಲ್ಲಿ ದಾಖಲಾಗುತ್ತದೆ.

ಬಾಕಿ ಬೆಳೆದಾಗ ‘ಇಷ್ಟು ಕಟ್ಟಿಬಿಡಿ, ಲೆಕ್ಕ ಮುಗಿಸೋಣ’ ಎಂದು ವಸೂಲಿಯವರು ಹೇಳುವುದುಂಟು. ಹಾಗೆ ರಾಜಿಯಾದ ಸಾಲ ‘ಸೆಟಲ್ಡ್’ ಎಂದು ದಾಖಲಾಗುತ್ತದೆ. ಇದು ಪೂರ್ಣ ತೀರುವಳಿಯಲ್ಲ; ಈ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ಸಾಧ್ಯವಿದ್ದಷ್ಟೂ ಪೂರ್ತಿ ತೀರಿಸಿ, ಬೇಬಾಕಿ ಪತ್ರವನ್ನು ಪಡೆದು ಜೋಪಾನವಾಗಿಡಬೇಕು.

ಹಿರಿಯರಲ್ಲಿ ಒಂದು ಬಿನ್ನಹ

ಇಲ್ಲಿಯವರೆಗೆ ಕಿರಿಯರಿಗೆ ಹೇಳಿದೆವು. ಈಗ ಹಿರಿಯರಿಗೂ ಒಂದು ಮಾತು ಹೇಳುವುದು ಅಗತ್ಯ. ಮಗನಿಗೆ ನೌಕರಿ ಸಿಕ್ಕ ಕೂಡಲೇ, ಅವನ ವೇತನಪತ್ರದ ಬಲದಿಂದ ಅಂಗಡಿಯ ಬಂಡವಾಳಕ್ಕೋ ತಂಗಿಯ ಮದುವೆಗೋ ಅವನ ಹೆಸರಿನಲ್ಲಿ ಸಾಲ ತೆಗೆಸುವ ಪದ್ಧತಿ ಕೆಲವು ಕುಟುಂಬಗಳಲ್ಲಿದೆ. ಕುಟುಂಬದ ಕಷ್ಟಕ್ಕೆ ಮಗ ಹೆಗಲು ಕೊಡುವುದು ಶ್ಲಾಘನೀಯವೇ. ಆದರೆ ‘ಕಂತು ನಾವು ಕಟ್ಟುತ್ತೇವೆ’ ಎಂದ ಹಿರಿಯರು ಸುಗ್ಗಿಯ ಹಣ ಬರುವವರೆಗೆ ಎರಡು ತಿಂಗಳು ತಡಮಾಡಿದರೆ, ಸುಸ್ತಿದಾರನೆಂದು ದಾಖಲಾಗುವವನು ಆ ಮಗ. ಬ್ಯಾಂಕು ನೌಕರಿಗೆ ಆಯ್ಕೆಯಾದವರಲ್ಲಿ ಉತ್ತಮ ಸಾಲ ಚರಿತ್ರೆ ಇರಬೇಕೆಂಬ ಷರತ್ತು ಐಬಿಪಿಎಸ್‌ನ ನೇಮಕಾತಿ ಪ್ರಕಟಣೆಗಳಲ್ಲಿ ಕಾಣಿಸಿಕೊಂಡಿರುವುದನ್ನು ಪಾಲಕರು ಗಮನಿಸಬೇಕು. ಹೆಸರು ಕೆಟ್ಟರೆ ಸಾಲ ಮಾತ್ರವಲ್ಲ, ನೌಕರಿಯೂ ಕೈತಪ್ಪಬಹುದು.

ಜಾಮೀನಿನ ವಿಷಯವೂ ಇಂತಹುದೇ. ಬೀಗರ, ಗೆಳೆಯರ ಮುಖ ನೋಡಿ ‘ಒಂದು ಸಹಿ ತಾನೆ’ ಎಂದು ಹಾಕಿದ ಜಾಮೀನು ಸಹಿ ಮಾಡಿದವರ ವರದಿಗೂ ಸೇರುತ್ತದೆ. ಸಾಲಗಾರ ತಪ್ಪಿದರೆ ಹೊಣೆ ಜಾಮೀನುದಾರನದು. ತೆರಲು ಸಿದ್ಧವಿರುವಷ್ಟು ಹಣಕ್ಕೆ ಮಾತ್ರ ಜಾಮೀನಾಗುವುದು ವಿವೇಕ. ದಾಕ್ಷಿಣ್ಯಕ್ಕೆ ಸಿಕ್ಕಿದ ಮಕ್ಕಳಿಗೆ ‘ಆಗುವುದಿಲ್ಲ’ ಎಂದು ವಿನಯದಿಂದ ಹೇಳಲು ಕಲಿಸುವುದೂ ಸಂಸ್ಕಾರವೇ.

ವರ್ಷಕ್ಕೊಮ್ಮೆ ಕನ್ನಡಿ ನೋಡಿ

ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಅಂಕಸಹಿತ ಪೂರ್ಣ ವರದಿಯನ್ನು ಉಚಿತವಾಗಿ ನೀಡಬೇಕೆಂಬ ನಿಯಮ 2017ರಿಂದ ಜಾರಿಯಲ್ಲಿದೆ. ತನ್ನ ವರದಿಯನ್ನು ತಾನೇ ನೋಡಿಕೊಂಡರೆ ಅಂಕ ಇಳಿಯುತ್ತದೆಂಬ ಭಯ ನಿರಾಧಾರ. ನಾವು ಪಡೆಯದ ಸಾಲ ನಮ್ಮ ಹೆಸರಿನಲ್ಲಿದ್ದರೆ, ತೀರಿಸಿದ ಸಾಲ ಬಾಕಿಯೆಂದು ಉಳಿದಿದ್ದರೆ, ಆ ಕಂಪನಿಗೂ ಬ್ಯಾಂಕಿಗೂ ಬರವಣಿಗೆಯಲ್ಲಿ ದೂರು ಸಲ್ಲಿಸಬೇಕು. 30 ದಿನಗಳೊಳಗೆ ಪರಿಹಾರ ದೊರೆಯದಿದ್ದರೆ ದಿನಕ್ಕೆ ₹100ರಂತೆ ಪರಿಹಾರಧನ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರ ಅಕ್ಟೋಬರಿನಲ್ಲಿ ಆದೇಶಿಸಿತು. ಅಲ್ಲಿಯೂ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ರಿಗೆ ದೂರಬಹುದು. 2022ರ ಸೆಪ್ಟೆಂಬರ್ 1ರಿಂದ ಸಾಲ ಮಾಹಿತಿ ಕಂಪನಿಗಳನ್ನೂ ಆ ವ್ಯವಸ್ಥೆಯಡಿ ತರಲಾಗಿದೆ.

ಸಾಲ ಮಾಡುವುದನ್ನು ಕಲಿಯಿರೆಂದು ನಾವು ಯುವಜನರಿಗೆ ಬೋಧಿಸುತ್ತಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಇಂದಿಗೂ ಸತ್ಯ. ಆದರೆ ನಂಬಿಕೆಗೆ ಯೋಗ್ಯರೆಂದು ತೋರಿಸಿಕೊಳ್ಳುವ ಬಗೆ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಪತ್ತು ಬೆಳೆಯುವುದು ಪಡೆಯುವುದರಿಂದಲ್ಲ, ಹಿಂದಿರುಗಿಸುವುದರಿಂದ. ಆಡಿದ ಮಾತಿಗೆ, ಹಾಕಿದ ಸಹಿಗೆ, ಒಪ್ಪಿದ ದಿನಾಂಕಕ್ಕೆ ತಪ್ಪದ ನಡೆಯನ್ನು ಮನೆಯಲ್ಲಿ ಕಲಿತ ಮಕ್ಕಳಿಗೆ ಇದು ಹೊಸ ವಿದ್ಯೆಯೇನೂ ಅಲ್ಲ. ತಂದೆತಾಯಿಗಳು 18 ತುಂಬಿದ ಮಕ್ಕಳೊಡನೆ ಕುಳಿತು ಈ ವಿಷಯವನ್ನು ಮುಕ್ತವಾಗಿ ಚರ್ಚಿಸಲಿ. ಆಸ್ತಿಯ ಜೊತೆಗೆ ನಿಷ್ಕಳಂಕವಾದ ಹೆಸರನ್ನೂ ಅವರಿಗೆ ಉಳಿಸಿಕೊಡಲಿ ಎಂಬುದೇ ನಮ್ಮ ಆಶಯ.