ಬೆನ್ನಿಗೆ ಹಗುರ, ಗಾಳಿಗೆ ಗಟ್ಟಿ: ಸಹ್ಯಾದ್ರಿ ಚಾರಣಕ್ಕೆ ಎಂಥ ಟ್ರೈಪಾಡ್ ಕೊಳ್ಳಬೇಕು?

ಶನಿವಾರ ಬೆಳಗಿನ ಜಾವ ಪುಣೆಯಿಂದ ವೇಲ್ಹೆ, ಗುಂಜವಣೆ ಕಡೆಗೆ ಹೊರಡುವ ಚಾರಣಿಗರ ಗುಂಪಿನಲ್ಲಿ ಕ್ಯಾಮೆರಾ ಹೊತ್ತವರು ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. ಅವರಲ್ಲಿ ಎರಡು ಬಗೆಯವರನ್ನು ನೀವೂ ನೋಡಿರಬಹುದು. ಒಬ್ಬರು ಸ್ಟುಡಿಯೋದಲ್ಲಿ ಇಡುವಂಥ ಮೂರು ಕೆ.ಜಿ.ಯ ಟ್ರೈಪಾಡ್ ಹೊತ್ತು, ಅರ್ಧ ಬೆಟ್ಟ ಏರುವಷ್ಟರಲ್ಲಿ 'ಇದನ್ನು ಯಾಕಾದರೂ ತಂದೆನೋ' ಎನ್ನುವವರು. ಇನ್ನೊಬ್ಬರು ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕ ಹಗುರ ಟ್ರೈಪಾಡ್ ತಂದು, ತುದಿಯ ಗಾಳಿಗೆ ಅದು ನಡುಗುವುದನ್ನು ಕಂಡು ಕೈಯಲ್ಲೇ ಹಿಡಿದು ನಿಲ್ಲುವವರು. ಮೊದಲನೆಯವರು ಮುಂದಿನ ವಾರ ಟ್ರೈಪಾಡ್ ಮನೆಯಲ್ಲೇ ಬಿಡುತ್ತಾರೆ. ಎರಡನೆಯವರಿಗೆ ಮಸುಕು ಚಿತ್ರವಷ್ಟೇ ಸಿಗುತ್ತದೆ. ಗ್ರಹಚಾರ ಕೆಟ್ಟರೆ ಕ್ಯಾಮೆರಾವೇ ಬಂಡೆಗೆ ಬೀಳುತ್ತದೆ.

ಹಾಗಾದರೆ ಹೊರಲೂ ಆಗಬೇಕು, ನಿಲ್ಲಲೂ ಆಗಬೇಕು ಎನ್ನುವಂಥ ಟ್ರೈಪಾಡ್ ಆರಿಸುವುದು ಹೇಗೆ? ಹಣ ಕೊಡುವ ಮೊದಲು ನೋಡಬೇಕಾದ ಸಂಗತಿಗಳು ಇಲ್ಲಿವೆ.

ಮೊದಲು ಕೇಳಿಕೊಳ್ಳಿ: ನನಗೆ ಟ್ರೈಪಾಡ್ ಬೇಕೇ?

ಇಂದಿನ ಕ್ಯಾಮೆರಾಗಳ ಅಲುಗಾಟ ತಡೆಯುವ ವ್ಯವಸ್ಥೆ ಬಹಳ ಸುಧಾರಿಸಿದೆ. ಹಗಲಲ್ಲಿ ಕೋಟೆ, ಕಣಿವೆ, ಗೆಳೆಯರ ಚಿತ್ರ ತೆಗೆಯಲು ಟ್ರೈಪಾಡ್ ಅಗತ್ಯವಿಲ್ಲ. ಮೊಬೈಲಿನ ನೈಟ್ ಮೋಡ್ ಕೂಡ ಮುಸ್ಸಂಜೆಯ ಬೆಳಕಿನಲ್ಲಿ ಸಾಕಷ್ಟು ಕೆಲಸ ಮಾಡುತ್ತದೆ.

ಆದರೆ ಕೆಲವು ಚಿತ್ರಗಳು ಟ್ರೈಪಾಡ್ ಇಲ್ಲದೆ ಆಗುವುದೇ ಇಲ್ಲ. ಹರಿಶ್ಚಂದ್ರಗಡದ ಕೊಂಕಣ ಕಡಾದ ಮೇಲಿನ ಆಕಾಶಗಂಗೆ, ಮಳೆಗಾಲಕ್ಕೆ ಮುಂಚೆ ರಾಜಮಾಚಿ ಮತ್ತು ಪುರುಷವಾಡಿಯ ಮರಗಳಲ್ಲಿ ಮಿನುಗುವ ಮಿಂಚುಹುಳುಗಳು, ರೇಷ್ಮೆಯಂತೆ ಇಳಿಯುವ ಜಲಪಾತ, ಇವಕ್ಕೆಲ್ಲ ಕ್ಯಾಮೆರಾ ಅರ್ಧ ಸೆಕೆಂಡಿನಿಂದ ಅರ್ಧ ನಿಮಿಷದವರೆಗೆ ಅಲುಗದೆ ನಿಲ್ಲಬೇಕು.

ಒಂದು ಲೆಕ್ಕ ನೋಡಿ. ನಕ್ಷತ್ರಗಳು ಗೆರೆಯಾಗದೆ ಚುಕ್ಕಿಯಾಗಿಯೇ ಮೂಡಲು ಎಷ್ಟು ಹೊತ್ತು ಶಟರ್ ತೆರೆದಿಡಬಹುದು ಎಂಬುದಕ್ಕೆ ಛಾಯಾಗ್ರಾಹಕರು '500ರ ಸೂತ್ರ' ಬಳಸುತ್ತಾರೆ. 500ನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಬೇಕು. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 20 ಎಂ.ಎಂ. ಲೆನ್ಸ್ ಇದ್ದರೆ 25 ಸೆಕೆಂಡ್. ಸೆನ್ಸರ್ ಚಿಕ್ಕದಿರುವ ಕ್ಯಾಮೆರಾದಲ್ಲಿ 18 ಎಂ.ಎಂ. ಲೆನ್ಸ್ ಅನ್ನು ಒಂದೂವರೆಯಿಂದ ಗುಣಿಸಿ 27 ಎಂದು ಹಿಡಿಯಬೇಕು. ಆಗ ಸಿಗುವುದು ಸುಮಾರು 18 ಸೆಕೆಂಡ್. ಇದು ಒರಟು ಲೆಕ್ಕ. ಇಂದಿನ ಹೆಚ್ಚು ಮೆಗಾಪಿಕ್ಸೆಲ್‌ನ ಕ್ಯಾಮೆರಾಗಳಿಗೆ ಇನ್ನೂ ಕಡಿಮೆ ಸಮಯ ಇಟ್ಟರೆ ಒಳ್ಳೆಯದು. ಏನೇ ಆದರೂ ಅಷ್ಟು ಹೊತ್ತು ಯಾವ ಕೈಯೂ ಕ್ಯಾಮೆರಾವನ್ನು ಅಲುಗದೆ ಹಿಡಿಯಲಾರದು.

ತೂಕ ಎಷ್ಟಿರಬೇಕು?

ಬೇಸಿಗೆಯ ಚಾರಣಕ್ಕೆ ಮೂರು ಲೀಟರ್ ನೀರು ಹೊತ್ತರೆ ಅದೇ ಮೂರು ಕೆ.ಜಿ. ಒಳ್ಳೆಯ ಜೂಮ್ ಲೆನ್ಸ್ ಹಾಕಿದ ಫುಲ್ ಫ್ರೇಮ್ ಕ್ಯಾಮೆರಾ ಒಂದೂವರೆ ಕೆ.ಜಿ. ದಾಟುತ್ತದೆ. ಊಟ, ಟಾರ್ಚ್, ಮಳೆ ಕೋಟು ಬೇರೆ. ಇದರ ಮೇಲೆ ಸೇರುವ ಟ್ರೈಪಾಡ್ ಒಂದರಿಂದ ಒಂದೂವರೆ ಕೆ.ಜಿ. ಒಳಗಿದ್ದರೆ ಹೆಚ್ಚಿನವರಿಗೆ ಹೊರಬಹುದಾದ ಭಾರ.

ಹೆಸರುವಾಸಿಯಾದ ಎರಡು ಪ್ರಯಾಣದ ಟ್ರೈಪಾಡ್‌ಗಳನ್ನು ಉದಾಹರಣೆಗೆ ನೋಡಬಹುದು. ಮ್ಯಾನ್‌ಫ್ರೊಟೊ ಬಿಫ್ರೀ ಅಡ್ವಾನ್ಸ್ಡ್‌ನ ಅಲ್ಯೂಮಿನಿಯಂ ಮಾದರಿ ಸುಮಾರು 1.5 ಕೆ.ಜಿ. ತೂಗುತ್ತದೆ, ಮಡಚಿದಾಗ 40 ಸೆಂ.ಮೀ. ಇರುತ್ತದೆ. ಪೀಕ್ ಡಿಸೈನ್ ಕಂಪನಿಯ ಟ್ರಾವೆಲ್ ಟ್ರೈಪಾಡ್ ಕಾರ್ಬನ್ ಫೈಬರ್‌ನಲ್ಲಿ ಸುಮಾರು 1.3 ಕೆ.ಜಿ., ಅಲ್ಯೂಮಿನಿಯಂನಲ್ಲಿ ಸುಮಾರು 1.56 ಕೆ.ಜಿ. ಇದೆ. ಮಡಚಿದಾಗ 39 ಸೆಂ.ಮೀ. ಯಾವ ಕಂಪನಿಯ ಟ್ರೈಪಾಡ್ ನೋಡಿದರೂ ಈ ಅಂಕಿಗಳನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ.

ಮಡಚಿದ ಉದ್ದಕ್ಕೂ ತೂಕದಷ್ಟೇ ಬೆಲೆ ಕೊಡಿ. ಗುಂಜವಣೆ ಕಡೆಯಿಂದ ಚೋರ್ ದರವಾಜಾ ಮೂಲಕ ರಾಜಗಡ ಏರುವಾಗ ಕೊನೆಯ ಕಡಿದಾದ ಬಂಡೆಯಲ್ಲಿ ಕಂಬಿ ಹಿಡಿದು ಹತ್ತಬೇಕು. ಎರಡೂ ಕೈ ಖಾಲಿ ಇರಲೇಬೇಕು. ಬ್ಯಾಗಿನಿಂದ ಹೊರಚಾಚಿದ ಉದ್ದನೆಯ ಟ್ರೈಪಾಡ್ ಬಂಡೆಗೆ ತಗುಲಿ ಆಯ ತಪ್ಪಿಸಿದರೆ ಅಪಾಯ. 40-45 ಸೆಂ.ಮೀ. ಉದ್ದದ್ದಾದರೆ ಬ್ಯಾಗಿನ ಪಕ್ಕದ ಜೇಬಿನಲ್ಲಿ ಕೂರುತ್ತದೆ.

ವಾಹನ ತುದಿಯವರೆಗೂ ಹೋಗುವ ಸಿಂಹಗಡದಂಥ ಕಡೆಗೆ ಮಾತ್ರ ಹೋಗುವವರಿಗೆ ಈ ಚಿಂತೆ ಬೇಡ. ಅವರು ಎರಡು ಕೆ.ಜಿ.ಯ ಗಟ್ಟಿ ಟ್ರೈಪಾಡ್ ಕೊಂಡರೆ ಕಡಿಮೆ ದುಡ್ಡಿನಲ್ಲಿ ಹೆಚ್ಚು ಸ್ಥಿರತೆ ಸಿಗುತ್ತದೆ.

ಅಲ್ಯೂಮಿನಿಯಂ ಅಥವಾ ಕಾರ್ಬನ್ ಫೈಬರ್?

ಫ್ರಾನ್ಸಿನಲ್ಲಿ ಹುಟ್ಟಿದ ಗಿಟ್ಜೊ ಕಂಪನಿ 1994ರಲ್ಲಿ ಕಾರ್ಬನ್ ಫೈಬರ್ ಟ್ರೈಪಾಡ್ ತಂದ ಮೇಲೆ ಚಾರಣದ ಛಾಯಾಗ್ರಹಣದ ದಿಕ್ಕೇ ಬದಲಾಯಿತು. ಕಾರ್ಬನ್ ಫೈಬರ್ ಹಗುರ, ಬಿಗಿ, ಕಂಪನವನ್ನು ಬೇಗ ಇಂಗಿಸಿಕೊಳ್ಳುತ್ತದೆ. ಚಳಿಗಾಲದ ಬೆಳಗಿನಲ್ಲಿ ಮುಟ್ಟಿದರೆ ಲೋಹದಂತೆ ಕೊರೆಯುವುದಿಲ್ಲ.

ಆದರೆ ಅದೇ ಗಾತ್ರದ ಅಲ್ಯೂಮಿನಿಯಂಗಿಂತ ಬೆಲೆ ಬಹಳ ಹೆಚ್ಚು, ಕೆಲವೊಮ್ಮೆ ಎರಡು ಪಟ್ಟಿನವರೆಗೂ ಹೋಗುತ್ತದೆ. ಉಳಿಯುವ ತೂಕ ಹಲವು ಬಾರಿ 250-300 ಗ್ರಾಂ ಮಾತ್ರ. ಅಂದರೆ ಒಂದು ಲೋಟ ನೀರಿನಷ್ಟು. ಇನ್ನೊಂದು ವ್ಯತ್ಯಾಸವೂ ಇದೆ. ಬಲವಾದ ಪೆಟ್ಟು ಬಿದ್ದರೆ ಅಲ್ಯೂಮಿನಿಯಂ ತಗ್ಗುತ್ತದೆ ಅಥವಾ ಬಾಗುತ್ತದೆ, ಕಾರ್ಬನ್ ಫೈಬರ್ ಸೀಳು ಬಿಡುತ್ತದೆ. ತಿಂಗಳಿಗೆ ಎರಡು ಚಾರಣ ಮಾಡುವವರು ಕಾರ್ಬನ್‌ಗೆ ಹಣ ಹಾಕಬಹುದು. ವರ್ಷಕ್ಕೆ ನಾಲ್ಕು ಸಲ ಹೋಗುವವರಿಗೆ ಒಳ್ಳೆಯ ಅಲ್ಯೂಮಿನಿಯಂ ಸಾಕು.

ಜಾಹೀರಾತಿನ ಎತ್ತರ ನಂಬಬೇಡಿ

ಡಬ್ಬಿಯ ಮೇಲೆ ಬರೆದಿರುವ ಗರಿಷ್ಠ ಎತ್ತರ ಸಾಮಾನ್ಯವಾಗಿ ನಡುವಿನ ಕಂಬವನ್ನು, ಅಂದರೆ ಸೆಂಟರ್ ಕಾಲಮ್ ಅನ್ನು ಪೂರ್ತಿ ಮೇಲೆತ್ತಿದಾಗಿನದ್ದು. ಮೇಲೆ ಹೇಳಿದ ಎರಡೂ ಟ್ರೈಪಾಡ್‌ಗಳು ಕಂಬ ಎತ್ತಿದರೆ 150 ಸೆಂ.ಮೀ. ಆಸುಪಾಸು ಬರುತ್ತವೆ, ಇಳಿಸಿದರೆ ಸುಮಾರು 130 ಸೆಂ.ಮೀ. ಮಾತ್ರ.

ಕಂಬ ಎತ್ತುವುದೆಂದರೆ ಮೂರು ಕಾಲಿನ ಮೇಲೆ ಒಂದು ಒಂಟಿಕಾಲು ನಿಲ್ಲಿಸಿದಂತೆ. ಗಾಳಿ ಬೀಸುವ ಬೆಟ್ಟದಲ್ಲಿ ಅದನ್ನು ಎತ್ತಲೇಬಾರದು. ಹಾಗಾಗಿ ಕೊಳ್ಳುವಾಗ ಕಂಬ ಇಳಿಸಿದ ಎತ್ತರವನ್ನೇ ಕೇಳಿ. ಐದೂವರೆ ಅಡಿ ಎತ್ತರದವರ ಕಣ್ಣು ನೆಲದಿಂದ 155 ಸೆಂ.ಮೀ. ಸುಮಾರಿಗೆ ಇರುತ್ತದೆ. ಟ್ರೈಪಾಡ್ ಮೇಲೆ ಕೂತ ಕ್ಯಾಮೆರಾದ ಕಿಂಡಿ ಇನ್ನೂ ಎಂಟು-ಹತ್ತು ಸೆಂ.ಮೀ. ಮೇಲಿರುತ್ತದೆ. ಆದ್ದರಿಂದ 130 ಸೆಂ.ಮೀ. ಟ್ರೈಪಾಡ್‌ನಲ್ಲಿ ಸ್ವಲ್ಪ ಬಗ್ಗಬೇಕಾಗುತ್ತದೆ, ಅಷ್ಟೆ. ಸ್ಕ್ರೀನ್ ಮೇಲಕ್ಕೆ ತಿರುಗುವ ಕ್ಯಾಮೆರಾ ಇದ್ದರೆ ಅದೂ ಬೇಕಿಲ್ಲ.

ಎಷ್ಟು ಕೆಳಗೆ ಇಳಿಯುತ್ತದೆ ಎಂಬುದನ್ನೂ ನೋಡಿ. ಮಳೆಗಾಲದ ಕೊನೆಗೆ ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿಯಲ್ಲಿ ಅರಳುವ ಹೂಗಳಲ್ಲಿ ಎಷ್ಟೋ ಬೆರಳುದ್ದವೂ ಇರುವುದಿಲ್ಲ. ಅವನ್ನು ತೆಗೆಯಲು ಕಾಲು ಅಗಲಿಸಿ ನೆಲಕ್ಕೆ ತಾಗುವಂತೆ ಇಡಬಲ್ಲ ಟ್ರೈಪಾಡ್ ಬೇಕು. ಆದರೆ ಅಲ್ಲಿ ಹೂಗಳ ನಡುವೆ ಕಾಲು ಊರಬೇಡಿ. ಒಂದು ಚಿತ್ರಕ್ಕಾಗಿ ತುಳಿದ ಗಿಡ ಹತ್ತು ಜನರ ಕಣ್ಣಿಗೆ ಇಲ್ಲವಾಗುತ್ತದೆ.

ಕಾಲುಗಳ ದಪ್ಪವೇ ಜೀವಾಳ

ಹಗುರ ಮತ್ತು ಚಿಕ್ಕದು ಮಾಡಲು ಕಂಪನಿಗಳು ಕಾಲನ್ನು ನಾಲ್ಕು ಅಥವಾ ಐದು ತುಂಡುಗಳಾಗಿ ಮಾಡುತ್ತವೆ. ಒಂದರೊಳಗೊಂದು ಸೇರಬೇಕಾದ್ದರಿಂದ ಕೊನೆಯ ತುಂಡು ಪೆನ್ನಿನಷ್ಟು ತೆಳುವಾಗುವುದೂ ಉಂಟು. ಕೊಳವೆಯ ಗೋಡೆ ಅಷ್ಟೇ ದಪ್ಪವಿದ್ದು ವ್ಯಾಸ ಅರ್ಧವಾದರೆ ಅದರ ಬಿಗಿತನ ಸುಮಾರು ಎಂಟನೇ ಒಂದರಷ್ಟಕ್ಕೆ ಕುಸಿಯುತ್ತದೆ. ಅಲುಗಾಟ ಹುಟ್ಟುವುದೇ ಅಲ್ಲಿ. ಆದ್ದರಿಂದ ನಾಲ್ಕು ತುಂಡಿನ ಕಾಲು ಚಾರಣಕ್ಕೆ ಒಳ್ಳೆಯ ರಾಜಿ. ಕಾಲು ಬಿಚ್ಚುವಾಗ ಮೇಲಿನ ದಪ್ಪ ತುಂಡುಗಳನ್ನು ಮೊದಲು ಎಳೆಯಿರಿ, ತೆಳು ತುಂಡು ಕೊನೆಗೆ.

'ಎಂಟು ಕೆ.ಜಿ. ಹೊರುತ್ತದೆ' ಎಂಬ ಮಾತಿಗೂ ಪೂರ್ತಿ ಬೆಲೆ ಕೊಡಬೇಡಿ. ಅದನ್ನು ಅಳೆಯಲು ಎಲ್ಲ ಕಂಪನಿಗಳೂ ಒಪ್ಪಿದ ಒಂದೇ ಕ್ರಮವಿಲ್ಲ. ನಿಮ್ಮ ಕ್ಯಾಮೆರಾ, ಲೆನ್ಸ್ ಸೇರಿದ ತೂಕದ ಎರಡರಿಂದ ಮೂರು ಪಟ್ಟು ಹೊರುವಂಥದ್ದನ್ನು ಆರಿಸಿದರೆ ಸುರಕ್ಷಿತ.

ಅಂಗಡಿಯಲ್ಲೇ ಮಾಡುವ ಪರೀಕ್ಷೆ

ಸಾಧ್ಯವಾದರೆ ಆನ್‌ಲೈನ್‌ಗಿಂತ ಪೇಟೆಯ ಕ್ಯಾಮೆರಾ ಅಂಗಡಿಗೆ ನಿಮ್ಮ ಕ್ಯಾಮೆರಾ ಸಮೇತ ಹೋಗಿ. ಟ್ರೈಪಾಡ್ ಪೂರ್ತಿ ಬಿಚ್ಚಿ, ಕ್ಯಾಮೆರಾ ಕೂರಿಸಿ, ಲೆನ್ಸನ್ನು ಉದ್ದಕ್ಕೆ ಜೂಮ್ ಮಾಡಿ. ಸ್ಕ್ರೀನ್‌ನಲ್ಲಿ ಚಿತ್ರವನ್ನು ದೊಡ್ಡದಾಗಿಸಿ ದೂರದ ಒಂದು ಅಕ್ಷರದ ಮೇಲೆ ನಿಲ್ಲಿಸಿ. ಈಗ ಒಂದು ಕಾಲಿಗೆ ಬೆರಳಿನಿಂದ ಮೆಲ್ಲನೆ ತಟ್ಟಿ. ಚಿತ್ರ ಎರಡು ಸೆಕೆಂಡಿನೊಳಗೆ ನಿಂತರೆ ಪಾಸು. ಐದಾರು ಸೆಕೆಂಡ್ ತೂಗಾಡುತ್ತಿದ್ದರೆ ವಾಪಸ್ ಇಟ್ಟುಬಿಡಿ.

ನಂತರ ಬಾಲ್ ಹೆಡ್ ನೋಡಿ. ಬಿಗಿ ಮಾಡಿದ ಮೇಲೆ ಕ್ಯಾಮೆರಾ ಮೂತಿ ನಿಧಾನವಾಗಿ ಕೆಳಗಿಳಿದರೆ ಅದು ನಿಮ್ಮ ಲೆನ್ಸಿಗೆ ಸಾಲದು. ಕ್ಯಾಮೆರಾ ಕೂರಿಸುವ ಪ್ಲೇಟ್ ಆರ್ಕಾ-ಸ್ವಿಸ್ ಅಳತೆಯದ್ದಾಗಿದ್ದರೆ ಮುಂದೆ ಬೇರೆ ಕಂಪನಿಯ ಪ್ಲೇಟ್ ಕೊಂಡರೂ ಹೆಚ್ಚಾಗಿ ಹೊಂದುತ್ತದೆ. ಪ್ಲೇಟ್ ಕಳೆದುಹೋದಾಗ ಇದರ ಬೆಲೆ ಗೊತ್ತಾಗುತ್ತದೆ.

ಬೆಟ್ಟದ ಮೇಲೆ ನಿಲ್ಲಿಸುವುದು ಹೇಗೆ?

ಇಳಿಜಾರಿನಲ್ಲಿ ಎರಡು ಕಾಲು ಕೆಳಗಿನ ಕಡೆಗೆ, ಒಂದು ಕಾಲು ಮೇಲಿನ ಕಡೆಗೆ ಇರಲಿ. ಸಮತಟ್ಟಾದ ಜಾಗದಲ್ಲಿ ಒಂದು ಕಾಲು ಲೆನ್ಸ್ ನೋಡುವ ದಿಕ್ಕಿಗೆ ಇದ್ದರೆ ಕ್ಯಾಮೆರಾ ಮುಂದಕ್ಕೆ ಮಗುಚುವುದಿಲ್ಲ, ಹಿಂದೆ ನಿಮಗೆ ನಿಲ್ಲಲು ಜಾಗವೂ ಸಿಗುತ್ತದೆ.

ನಡುಗಂಬದ ಕೊಕ್ಕೆಗೆ ಬ್ಯಾಗು ನೇತುಹಾಕಿದರೆ ಸ್ಥಿರತೆ ಹೆಚ್ಚುತ್ತದೆ. ಆದರೆ ಬ್ಯಾಗು ಗಾಳಿಗೆ ತೂಗಿದರೆ ಅದೇ ಟ್ರೈಪಾಡನ್ನು ಅಲುಗಿಸುತ್ತದೆ. ಬ್ಯಾಗಿನ ತಳ ನೆಲಕ್ಕೆ ಸ್ವಲ್ಪ ತಾಗುವಂತೆ ಕಟ್ಟಿ. ಕ್ಯಾಮೆರಾದ ಬೆಲ್ಟು ಗಾಳಿಗೆ ಪಟಪಟ ಹೊಡೆಯದಂತೆ ಸುತ್ತಿಡಿ. ಎರಡು ಸೆಕೆಂಡಿನ ಟೈಮರ್ ಹಾಕಿದರೆ ಬಟನ್ ಒತ್ತಿದ ಅಲುಗಾಟ ಚಿತ್ರಕ್ಕೆ ಬರುವುದಿಲ್ಲ. ಹಳೆಯ ಲೆನ್ಸ್‌ಗಳಲ್ಲಿ ಅಲುಗಾಟ ತಡೆಯುವ ಸ್ವಿಚ್ ಆರಿಸುವುದನ್ನು ಮರೆಯಬೇಡಿ.

ಮುಖ್ಯವಾದ ಮಾತು ಇನ್ನೊಂದು. ಕೊಂಕಣ ಕಡಾದಂಥ ಪ್ರಪಾತದ ಅಂಚಿನಲ್ಲಿ ಟ್ರೈಪಾಡ್ ಇಡುವ ಮೊದಲು ನೀವು ಎಲ್ಲಿ ನಿಲ್ಲುತ್ತೀರಿ ಎಂದು ಹಗಲಲ್ಲೇ ನೋಡಿಟ್ಟುಕೊಳ್ಳಿ. ಕತ್ತಲಲ್ಲಿ ಸ್ಕ್ರೀನ್ ನೋಡುತ್ತಾ ಒಂದು ಹೆಜ್ಜೆ ಸರಿಯುವುದು ಬಹಳ ಸುಲಭ. ಗಾಳಿಗೆ ಕ್ಯಾಮೆರಾ ವಾಲಿದರೆ ಹಿಡಿಯಲು ನುಗ್ಗಬೇಡಿ. ಕ್ಯಾಮೆರಾ ಮತ್ತೆ ಕೊಳ್ಳಬಹುದು. ಮೇ-ಜೂನ್‌ನ ಗುಡುಗು ಮಳೆ ಕಂಡರೆ ಟ್ರೈಪಾಡ್ ಮಡಚಿ ಕೆಳಗಿಳಿಯಿರಿ. ಅಲ್ಯೂಮಿನಿಯಂ ಮಾತ್ರವಲ್ಲ, ಕಾರ್ಬನ್ ಫೈಬರ್ ಕೂಡ ವಿದ್ಯುತ್ ಹರಿಸುತ್ತದೆ.

ಅನುಮತಿ, ವಿಮಾನ, ದೋಣಿ

ಶಿವನೇರಿ, ಲೋಹಗಡ, ರಾಜಗಡ ಸೇರಿದಂತೆ 12 ಕೋಟೆಗಳು 2025ರ ಜುಲೈನಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿವೆ. ಶಿವನೇರಿ, ಲೋಹಗಡದಂಥ ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಪಡೆಯಬೇಕು. ರಾತ್ರಿ ತಂಗುವ ಬಗ್ಗೆಯೂ ಸ್ಥಳೀಯ ನಿಯಮ ಕೇಳಿಕೊಂಡೇ ಹೊರಡಿ. ಮಿಂಚುಹುಳುಗಳ ಕಾಡಿನಲ್ಲಿ ಫ್ಲ್ಯಾಶ್, ಟಾರ್ಚ್ ಬೇಡ. ಅವು ಬೆಳಕಿನ ಮೂಲಕವೇ ಸಂಗಾತಿಯನ್ನು ಹುಡುಕುವುದು.

ಪುಣೆಯಿಂದ ಬೆಂಗಳೂರಿಗೆ ವಿಮಾನದಲ್ಲಿ ಹೋಗುವವರು ಟ್ರೈಪಾಡನ್ನು ಚೆಕ್-ಇನ್ ಬ್ಯಾಗಿನಲ್ಲಿ ಬಟ್ಟೆ ಸುತ್ತಿ ಇಡುವುದು ಒಳ್ಳೆಯದು. ಕೈಚೀಲದ ಮಿತಿ ಸಾಮಾನ್ಯವಾಗಿ ಏಳು ಕೆ.ಜಿ. ಇರುತ್ತದೆ. ಮೊನಚು ತುದಿಯ ಕಾಲಿದ್ದರೆ ಭದ್ರತಾ ತಪಾಸಣೆಯಲ್ಲಿ ತಡೆಯಲೂಬಹುದು.

ಉಜನಿ ಹಿನ್ನೀರಿನ ಭಿಗವಣಕ್ಕೆ ರಾಜಹಂಸ ನೋಡಲು ಹೋಗುವವರಿಗೆ ಟ್ರೈಪಾಡ್ ನಿಷ್ಪ್ರಯೋಜಕ. ದೋಣಿಯೇ ಅಲುಗುವಾಗ ಮೂರು ಕಾಲು ಏನು ಮಾಡೀತು? ಅಲ್ಲಿ ಅಕ್ಕಿಯನ್ನೋ ಕಾಳನ್ನೋ ತುಂಬಿದ ಬಟ್ಟೆಯ ಚೀಲವನ್ನು ದೋಣಿಯ ಅಂಚಿಗೆ ಇಟ್ಟು ಅದರ ಮೇಲೆ ಲೆನ್ಸ್ ಊರಿದರೆ ಸಾಕು.

ಮನೆಗೆ ಬಂದ ಮೇಲೆ

ಸಹ್ಯಾದ್ರಿಯ ಕೆಂಪು ಕೆಸರು ಕಾಲಿನ ಲಾಕುಗಳೊಳಗೆ ಸೇರಿದರೆ ಮುಂದಿನ ಸಲ ಅವು ಕಿರುಗುಟ್ಟುತ್ತವೆ, ಆಮೇಲೆ ಜಾರುತ್ತವೆ. ಕಾಲು ಪೂರ್ತಿ ಎಳೆದು ಒದ್ದೆ ಬಟ್ಟೆಯಿಂದ ಒರೆಸಿ, ಬಿಚ್ಚಿಟ್ಟೇ ಒಣಗಿಸಿ. ಸಮುದ್ರ ತೀರಕ್ಕೆ ಹೋಗಿದ್ದರೆ ಸಿಹಿನೀರಿನಲ್ಲಿ ತೊಳೆಯಿರಿ. ಅಡುಗೆ ಎಣ್ಣೆ ಹಚ್ಚಿದರೆ ಇನ್ನಷ್ಟು ಮಣ್ಣು ಅಂಟುತ್ತದೆ.

ಕೊನೆಗೆ, ಕೊಂಡ ಟ್ರೈಪಾಡನ್ನು ಬ್ಯಾಗಿಗೆ ಕಟ್ಟಿಕೊಂಡು ಒಮ್ಮೆ ಪರ್ವತಿಯ ಮೆಟ್ಟಿಲು ಹತ್ತಿ ಇಳಿಯಿರಿ. ಮೇಲೆ ತಲುಪಿದಾಗ ಅದನ್ನು ತೆಗೆದು ನಿಲ್ಲಿಸುವ ಮನಸ್ಸು ಇನ್ನೂ ಇದ್ದರೆ, ನೀವು ಸರಿಯಾದದ್ದನ್ನೇ ಕೊಂಡಿದ್ದೀರಿ.